ಅಂಟಿನ ಗುಂಡಿ ಮತ್ತು ವಿಶಾಲಾಕ್ಷಮ್ಮ

ವಿಶಾಲಾಕ್ಷಮ್ಮನವರ ಬಲಗೈ ಸುಮ್ಮನಿದ್ದುದನ್ನು ಕಂಡವರಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಕೂತರೂ ಎಲೆಯ ಮೇಲಿನ ಕೋಸಂಬರಿಯಿಂದ ಕಂದಿದ ಬೇಳೆಯೊಂದನ್ನು ಎರಡೇ ಬೆರಳಲ್ಲಿ ಹಿಡಿದು ಅಂಚಿಗೆ ಸರಿಸುತ್ತಿದ್ದರು. ಪರೀಕ್ಷೆಯ ಮೇಲ್ವಿಚಾರಣೆಗೆ ಕೂತರೆ ಡಬ್ಬಿಯ ಗುಂಡುಪಿನ್ನುಗಳನ್ನು ಮೇಜಿನ ಮೇಲೆ ಸುರಿದುಕೊಂಡು, ತುಕ್ಕು ಹಿಡಿದದ್ದು ಈಚೆ, ಹೊಳೆಯುವುದು ಆಚೆ ಎಂದು ಮೂರು ಗಂಟೆಯೂ ವಿಂಗಡಿಸುತ್ತಿದ್ದರು. ಅವರ ತಾಯಿ ಸರೋಜಮ್ಮ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸೊಂದರಲ್ಲಿ ಮೂವತ್ತು ವರ್ಷ ಬೀಜ ಆರಿಸಿದವರು. ಕಪ್ಪು, ಒಡಕು, ಚೂರುಗಳನ್ನೆಲ್ಲ ಹೆಕ್ಕಿ ಎಸೆದು ದಪ್ಪ ಬೀಜವನ್ನಷ್ಟೇ ಉಳಿಸುವ ಆ ಕೈಚಳಕ, ಮಗಳು ಎಂ.ಎಸ್ಸಿ. ಮುಗಿಸಿ ನಮ್ಮ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕಿಯಾದ ಮೇಲೂ ಅವರ ಬೆರಳನ್ನು ಬಿಡಲಿಲ್ಲ.

ಎದುರುಗಾಳಿಗೆ ಒಡ್ಡಿಕೊಂಡವರಂತೆ ಮುಂದಕ್ಕೆ ಬಾಗಿ ಬಿರಬಿರನೆ ನಡೆಯುತ್ತಿದ್ದರು. ಸೀರೆಯ ಮೇಲೆ ಗಂಡನ ಹಳೆಯ ಕಂದು ಕೋಟು, ಅದರ ಜೇಬು ತುಂಬ ಸೀಮೆಸುಣ್ಣದ ತುಂಡು, ಹತ್ತಿಯುಂಡೆ, ಯಾವುದೋ ಕೆರೆಯ ನೀರು ತುಂಬಿದ ಸೀಸೆ. ವಿದ್ಯಾರ್ಥಿನಿಯರಾದ ನಾವು ಬೆನ್ನ ಹಿಂದೆ ‘ಕೋಟಮ್ಮ’ ಎನ್ನುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತು. ಹಾಜರಿ ಕರೆಯುವಾಗ ಒಮ್ಮೊಮ್ಮೆ ತಾವೇ “ಕೋಟಮ್ಮ, ಪ್ರೆಸೆಂಟ್” ಎಂದು ನಮ್ಮ ಮಾನ ಕಳೆಯುತ್ತಿದ್ದರು. ಬ್ಯಾಕ್ಟೀರಿಯಾಗಳ ಬಗ್ಗೆ ಮಾತ್ರ ಅವರದು ಒಂದೇ ಮಂತ್ರ: “ಹಸಿವಾಗ್ಲಿ, ತಿಂತಾವೆ.”

ಆ ಮಂತ್ರಕ್ಕೆ ನಿಜವಾದ ಪರೀಕ್ಷೆ ಬಂದದ್ದು ತೊಂಬತ್ತೆಂಟರ ಸಂಕ್ರಾಂತಿಯ ಹೊತ್ತಿಗೆ. ಮಲ್ಲಂದೂರು ರಸ್ತೆಯ ಬದಿಯಲ್ಲಿ ರೌಶನ್ ಬೀ ಎಂಬಾಕೆ ಕಾಫಿಪುಡಿಯ ಪೊಟ್ಟಣಗಳಿಗೆ ಅಂಟುಚೀಟಿ ಮಾಡಿಕೊಡುವ ಸಣ್ಣ ಘಟಕ ನಡೆಸುತ್ತಿದ್ದರು. ಹನ್ನೊಂದು ಹೆಂಗಸರಿಗೆ ಅಲ್ಲಿ ಕೆಲಸ. ಅಲ್ಲಿ ಬಳಸುತ್ತಿದ್ದದ್ದು ಪಾಲಿವಿನೈಲ್ ಆಲ್ಕೊಹಾಲ್ ಎಂಬ ಕೃತಕ ಅಂಟು. ನೀರಿಗೆ ಹಾಕಿದರೆ ಸಕ್ಕರೆಯಂತೆ ಕರಗಿ ಮಾಯವಾಗುತ್ತದೆ. ಕಣ್ಣಿಗಷ್ಟೇ ಮಾಯ, ಉದ್ದುದ್ದ ಸರಪಳಿಯಾಗಿ ನೀರಲ್ಲೇ ಉಳಿದಿರುತ್ತದೆ. ಪಾತ್ರೆ ತೊಳೆದ ನೀರು ಹಿತ್ತಲ ಗುಂಡಿಗೆ, ಗುಂಡಿ ತುಂಬಿ ಕಾಲುವೆಗೆ, ಕಾಲುವೆಯ ತುಂಬ ಬಿಳಿ ನೊರೆ. ಕೆಳಗಿನ ಗದ್ದೆಯವರು ದೂರು ಕೊಟ್ಟರು. ತೊಂಬತ್ತು ದಿನದಲ್ಲಿ ನೀರು ಶುದ್ಧವಾಗದಿದ್ದರೆ ಬೀಗ ಎಂದು ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸು ಬಂತು. ರೌಶನ್ ಬೀ ಆ ಕಾಗದ ಹಿಡಿದು ನೇರ ನಮ್ಮ ಪ್ರಯೋಗಾಲಯಕ್ಕೇ ಬಂದರು.

ವಿಶಾಲಾಕ್ಷಮ್ಮ ನೋಟಿಸನ್ನು ಪೂರ್ತಿ ಓದಲೂ ಇಲ್ಲ. ಹನ್ನೆರಡು ವರ್ಷ ಅಂಟು ಕುಡಿದ ಆ ಗುಂಡಿಯ ಕೆಸರನ್ನು ಬಾಟಲಿಗೆ ತುಂಬಿ, ಅದಕ್ಕೆ ಅಂಟಿನ ಹೊರತು ಬೇರೆ ಆಹಾರವೇ ಇಲ್ಲದಂತೆ ಮಾಡಿ ಕೂತರು. ಅಂಟು ಇದೆಯೋ ಇಲ್ಲವೋ ನೋಡುವ ಪರೀಕ್ಷೆ ಸರಳ: ಬೋರಿಕ್ ಆಮ್ಲ, ಮೇಲೊಂದಿಷ್ಟು ಅಯೋಡಿನ್; ಅಂಟಿದ್ದರೆ ನೀಲಿ. ಕಾಲೇಜಿನ ಬೋರಿಕ್ ಮುಗಿದಾಗ ಕೇರಂ ಪುಡಿಯೂ ಬೋರಿಕ್ಕೇ ಎಂದು ಕ್ರೀಡಾ ಕೊಠಡಿಯ ಡಬ್ಬಿಯನ್ನೇ ಎತ್ತಿಕೊಂಡು ಬಂದರು; ಆ ವರ್ಷ ಕೇರಂ ಪಂದ್ಯ ನಡೆಯಲಿಲ್ಲ. ಮೂರು ವಾರಕ್ಕೆ ಬಾಟಲಿಯಲ್ಲಿ ನೀಲಿ ಬರುವುದು ನಿಂತಿತು. ಗುಂಡಿಯ ಜೀವಿಗಳು ಅಂಟು ತಿಂದಿದ್ದವು!

ಇನ್ನೇನು, ಶಾಸ್ತ್ರೋಕ್ತವಾಗಿ ಅವನ್ನು ಬೇರ್ಪಡಿಸಿ ಶುದ್ಧ ತಳಿ ಮಾಡಬೇಕು. ಬ್ಯಾಕ್ಟೀರಿಯಾ ಬೆಳೆಸುವ ಅಗಾರಿನ ತಟ್ಟೆಯ ಮೇಲೆ ದಪ್ಪ ದಪ್ಪಗೆ ಹೊಳೆಯುವ ಗುಂಪುಗಳು ಎದ್ದಿದ್ದವು, ನಡುನಡುವೆ ಸಾಸಿವೆಗಿಂತ ಸಣ್ಣ, ಪೇಲವ ಚುಕ್ಕಿಗಳು. ಸರೋಜಮ್ಮನ ಮಗಳ ಕೈ ಏನು ಮಾಡೀತು? ದಪ್ಪದ್ದನ್ನು ಆರಿಸಿತು, ಚುಕ್ಕಿಗಳನ್ನು ಬಿಟ್ಟಿತು. ಆರಿಸಿದ್ದನ್ನು ಡ್ರಮ್ಮಿನಲ್ಲಿ ಬೆಳೆಸಿ, ಮೆರವಣಿಗೆಯಲ್ಲಿ ಎನ್ನುವಂತೆ ಆಟೋದಲ್ಲಿ ಒಯ್ದು, ತೊಳೆದ ನೀರು ನಿಲ್ಲಿಸಲೆಂದು ರೌಶನ್ ಬೀ ಹಿತ್ತಲಲ್ಲಿ ಕಟ್ಟಿಸಿದ್ದ ತೊಟ್ಟಿಗೆ ಸುರಿದೆವು. ವಾರ ಕಳೆಯಿತು, ನೀಲಿ. ಎರಡು ವಾರ, ಅಷ್ಟೇ ದಟ್ಟ ನೀಲಿ. ಅಷ್ಟರಲ್ಲಿ ಐವತ್ತೆಂಟು ದಿನ ಮುಗಿದಿದ್ದವು.

“ಆಗೋದಿಲ್ಲಾಂದ್ರೆ ಹೇಳ್ಬಿಡಿ ಮೇಡಂ. ಹೆಂಗಸ್ರಿಗೆ ಬೇರೆ ಕಡೆ ಕೆಲ್ಸ ನೋಡ್ಕೊಳ್ಳಿ ಅಂತೀನಿ,” ಎಂದರು ರೌಶನ್ ಬೀ.

ವಿಶಾಲಾಕ್ಷಮ್ಮ ಕಾಲೇಜಿಗೆ ಬಂದವರೇ ಕಿಟಕಿಯ ಮೇಲಿದ್ದ ಮೊದಲ ಕೆಸರಿನ ಬಾಟಲಿಗೆ ಹೊಸದಾಗಿ ಅಂಟು ಹಾಕಿಟ್ಟರು. ಏಳನೆಯ ದಿನ ಅದರಲ್ಲಿ ನೀಲಿಯ ಸುಳಿವಿಲ್ಲ. ಅದೇ ಅಂಟು ಹಾಕಿದ್ದ ಶುದ್ಧ ತಳಿಯ ಬಾಟಲಿ ಮಾತ್ರ ನೀಲಿ. ಎರಡನ್ನೂ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ತುಂಬಿದ ತರಗತಿಯಲ್ಲಿ, ನಮ್ಮೆಲ್ಲರ ಎದುರು, “ನಾನು ಆರಿಸಿ ಕೆಡಿಸ್ದೆ ಕಣ್ರೇ,” ಎಂದುಬಿಟ್ಟರು. ನನಗೆ ಆ ಕ್ಷಣ ಅವರ ಮೇಲೆ ಹುಟ್ಟಿದ ಗೌರವ ಇಂದಿಗೂ ಇಳಿದಿಲ್ಲ.

ಬಿಟ್ಟಿದ್ದ ಚುಕ್ಕಿಗಳನ್ನು ಹುಡುಕಿ ತಂದು ದಪ್ಪನೆಯದರ ಜೊತೆ ಸೇರಿಸಿದರು. ಎಂಟೇ ದಿನ, ಅಂಟು ನಿರ್ನಾಮ! ದಪ್ಪ ಬ್ಯಾಕ್ಟೀರಿಯಾದ ಒಂದು ಕಿಣ್ವ ಅಂಟಿನ ಸರಪಳಿಯನ್ನು ಅಲ್ಲಲ್ಲಿ ಉತ್ಕರ್ಷಿಸಿ ಸಡಿಲಿಸುತ್ತದೆ, ಇನ್ನೊಂದು ಕಿಣ್ವ ಸಡಿಲವಾದಲ್ಲಿ ಕತ್ತರಿಸುತ್ತದೆ. ಆದರೆ ಮೊದಲನೆಯದು ಕೆಲಸಕ್ಕಿಳಿಯಲು ಒಂದು ಪುಟ್ಟ ಸಹಾಯಕ ಅಣು ಬೇಕೇ ಬೇಕು, ಅದನ್ನು ತಯಾರಿಸಲು ದಪ್ಪಣ್ಣನಿಗೆ ಬಾರದು. ತಯಾರಿಸಿ ಕೊಡುತ್ತಿದ್ದದ್ದು ಆ ಪೇಲವ ಚುಕ್ಕಿ; ಕತ್ತರಿಸಿ ಬಿದ್ದ ಚೂರುಗಳೇ ಅದರ ಊಟ. ದೂರದೇಶದ ವಿಜ್ಞಾನಿಗಳು ಇಂಥ ಜೋಡಿಯನ್ನು ಮೊದಲೇ ಕಂಡಿದ್ದರೆಂದು, ಬೆಂಗಳೂರಿನಿಂದ ತರಿಸಿದ ಪತ್ರಿಕೆಯೊಂದರ ಜೆರಾಕ್ಸಿನಿಂದ ಆಮೇಲೆ ತಿಳಿಯಿತು. “ನಮ್ಮ ಗುಂಡೀಲೂ ಇದಾವಲ್ಲ!” ಎಂದು ಹಿಗ್ಗಿದರು.

ಉಳಿದದ್ದು ಹದಿನೇಳು ದಿನ. ಈ ಸಲ ಜೋಡಿಯನ್ನೇ ಡ್ರಮ್ಮಿನಲ್ಲಿ ಬೆಳೆಸಿ ತೊಟ್ಟಿಗೆ ಸುರಿದೆವು. ರೌಶನ್ ಬೀಯವರ ತಮ್ಮ, ಮೆಕ್ಯಾನಿಕ್ ನಿಯಾಜ್, ಪಂಕ್ಚರ್ ಅಂಗಡಿಯ ಕಂಪ್ರೆಸರನ್ನೇ ತಂದು ಅವುಗಳ ಉಸಿರಿಗೆಂದು ತೊಟ್ಟಿಗೆ ಗಾಳಿ ಊದಿಸಿದ. ಕೊನೆಯ ದಿನ ಪರಿಶೀಲನೆಗೆ ಬಂದ ಅಧಿಕಾರಿ ಓಂಕಾರಪ್ಪ, “ನೀಲಿ ಬಂದ್ರೆ ನಾನು ಬೀಗ ಹಾಕ್ಲೇಬೇಕು ಮೇಡಂ,” ಎಂದು ಮೊದಲೇ ಹೇಳಿ, ತಾವೇ ತೊಟ್ಟಿಯ ಹೊರಗಂಡಿಯಿಂದ ನೀರು ಹಿಡಿದರು. ಹನ್ನೊಂದು ಹೆಂಗಸರೂ ಕೆಲಸ ಬಿಟ್ಟು ಸುತ್ತ ನಿಂತಿದ್ದರು. ಮೊದಲು ಅಂಟಿನ ಪಾತ್ರೆಯ ನೀರು: ಶಾಯಿಯಂಥ ನೀಲಿ. ಆಮೇಲೆ ಹೊರಗಂಡಿಯ ನೀರು: ಕೇರಂ ಪುಡಿ ಬಿತ್ತು, ಅಯೋಡಿನ್ ಬಿತ್ತು, ನೀರು ತೆಳು ಚಹಾದ ಬಣ್ಣದಲ್ಲೇ ನಿಂತಿತು.

“ಬರ್ಲಿಲ್ವಾ?” ರೌಶನ್ ಬೀ ಬಗ್ಗಿ ನೋಡುತ್ತ ಕೇಳಿದರು.

“ಬರ್ಲಿಲ್ಲ,” ಎಂದರು ವಿಶಾಲಾಕ್ಷಮ್ಮ.

“ಇನ್ನೂ ಸ್ವಲ್ಪ ಕಾಯೋದಾ?”

“ಸಂಜೆ ತನಕ ಕಾಯಿ ಮಾರಾಯ್ತಿ! ಅಂಟಿದ್ರೆ ತಾನೆ ಬರೋದು?”

ವಿಶಾಲಾಕ್ಷಮ್ಮ ತಲೆ ಹಿಂದಕ್ಕೆ ಹಾಕಿ ನಕ್ಕ ನಗು ಮಲ್ಲಂದೂರು ರಸ್ತೆಯ ಆಚೆ ಬದಿಗೂ ಕೇಳಿಸಿತು. ರೌಶನ್ ಬೀ ಅವರನ್ನು ಬಾಚಿ ತಬ್ಬಿಕೊಂಡರು, ಓಂಕಾರಪ್ಪ ತಂದಿದ್ದ ಬೀಗವನ್ನು ಚೀಲದಿಂದ ತೆಗೆಯಲೇ ಇಲ್ಲ. ಮರುದಿನ ಎಂಟೂವರೆಗೆ ಹನ್ನೊಂದು ಊಟದ ಡಬ್ಬಿಗಳು ಎಂದಿನಂತೆ ಆ ಬಾಗಿಲು ದಾಟಿ ಒಳಗೆ ಹೋದವು.

ಸಣ್ಣ ಊರಿನ ಕಾಲೇಜುಗಳಲ್ಲಿ ಇಂಥವರು ಒಬ್ಬರಾದರೂ ಇರುತ್ತಾರೆ. ಅವರ ಹೆಸರಿನಲ್ಲಿ ಸಿದ್ಧಾಂತಗಳಿರುವುದಿಲ್ಲ, ಗೋಡೆಯ ಮೇಲೆ ಅವರ ಭಾವಚಿತ್ರವೂ ಏರುವುದಿಲ್ಲ. ತಪ್ಪಾಯಿತೆಂದು ಹತ್ತು ಜನರೆದುರು ಹೇಳಿ ಮರುಬೆಳಗ್ಗೆ ಅದೇ ಬಾಟಲಿಯ ಮುಂದೆ ಕೂರುವ ಛಲವೇ ಅವರ ಆಸ್ತಿ. ಅವರು ಗೆದ್ದದ್ದು ಊರಿಗೆ ತಿಳಿಯುವುದೂ ಇಲ್ಲ. ಹೇಗೆ ತಿಳಿದೀತು? ಅವರು ಗೆದ್ದ ದಿನ ಊರಿನಲ್ಲಿ ಯಾವ ಬಾಗಿಲೂ ಮುಚ್ಚುವುದಿಲ್ಲ.