ಎಡಗಣ್ಣಿನ ಓದು

ಅಂಗಡಿಗಳಿಗೆ ಬೋರ್ಡ್ ಬರೆಯುವ ಪೇಂಟರನ ಎಡಗಣ್ಣಿಗೆ ಮೂರನೆಯ ಇಂಜೆಕ್ಷನ್ ಆಗಿ ತಿಂಗಳಾಗಿತ್ತು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಪರದೆಯಲ್ಲಿ ನೀರು ತುಂಬಿ ಊದಿಕೊಂಡಿತ್ತು. ಔಷಧಿ ಹಿಡಿದಿದೆಯೋ ಇಲ್ಲವೋ ಇವತ್ತು ತಿಳಿಯಬೇಕು. ಹಿಡಿಯದಿದ್ದರೆ ಕುಂಚ ಕೆಳಗಿಡುವುದೇ. ಬೆಳಗಿನಿಂದ ಗಂಡ ಹೆಂಡತಿ ಅದೊಂದನ್ನು ಬಿಟ್ಟು ಬೇರೆಲ್ಲ ಮಾತಾಡಿದ್ದರು. ಆಸ್ಪತ್ರೆಯ ಬೆಂಚಿಗೆ ಬರುವಷ್ಟರಲ್ಲಿ ಆ ಮಾತೂ ಮುಗಿದಿತ್ತು.

ಮೊದಲು ಬಲಗಣ್ಣು. ಗೋಡೆಯ ಅಕ್ಷರಗಳನ್ನು ಅವನು ಕೊನೆಯ ಸಾಲಿನವರೆಗೂ ಓದಿದ. ಆಮೇಲೆ ನರ್ಸ್ ಆ ಕಣ್ಣು ಮುಚ್ಚಿಸಿದಳು. ಎಡಗಣ್ಣಲ್ಲೂ ಎಲ್ಲೂ ತಡವರಿಸದೆ ಐದನೆಯ ಸಾಲು ಮುಗಿಸಿ ನಿಲ್ಲಿಸಿದ.

ಹೆಂಡತಿ ನೋಡುತ್ತಿದ್ದುದು ಅವನ ಕೈಯನ್ನು. ತೊಡೆಯ ಮೇಲೆ ತೋರುಬೆರಳು ಅಕ್ಷರ ತಿದ್ದುತ್ತಿತ್ತು, ನರ್ಸಿನ ಕಡ್ಡಿ ಆ ಅಕ್ಷರ ಮುಟ್ಟುವ ಮೊದಲೇ. ಅವಳು ಮುಖ ಬೇರೆ ಕಡೆ ತಿರುಗಿಸಿದಳು. ಕೇಳದೆ ಬಿಟ್ಟ ಪ್ರಶ್ನೆಗಳ ಮೇಲೇ ಅವರ ಸಂಸಾರ ಅರ್ಧ ನಿಂತಿತ್ತು.

ಯಂತ್ರದಲ್ಲಿ ತೆಗೆದ ಕಣ್ಣಿನ ಚಿತ್ರವನ್ನು ಡಾಕ್ಟರಮ್ಮ ಬಹಳ ಹೊತ್ತು ನೋಡಿದರು.

“ಊತ ಚೆನ್ನಾಗಿ ಇಳಿದಿದೆ. ಆದ್ರೆ ಓದೋದು ಮೊದಲ ದಿನಾನೂ ಐದನೇ ಸಾಲು, ಇವತ್ತೂ ಐದನೇ ಸಾಲು. ನೋಟ ಇಷ್ಟಕ್ಕೇ ನಿಂತಿರಬಹುದು. ಹಾಗಿದ್ರೆ ಇಂಜೆಕ್ಷನ್ ಮುಂದುವರಿಸಿ ಏನು ಸಿಗುತ್ತೆ ಅಂತ ಯೋಚಿಸ್ಬೇಕು.”

ಫ್ಯಾನು ತಿರುಗುತ್ತಿತ್ತು.

“ಮೇಡಂ, ಇವರು ಓದಿಲ್ಲ,” ಎಂದಳು ಹೆಂಡತಿ.

“ಲೇ, ಸುಮ್ನಿರು.”

“ಸುಮ್ನಿದ್ದಿದ್ದು ಸಾಕು ಕಣ್ರೀ. ಒಳ್ಳೆ ಕಣ್ಣಲ್ಲಿ ನೋಡ್ಕೊಂಡು, ಇನ್ನೊಂದು ಕಣ್ಣಿಗೆ ಕಂಠಪಾಠ ಒಪ್ಪಿಸ್ತಾರೆ, ಮೇಡಂ.”

“ಮೊದಲ ದಿನವೂ ಹೀಗೇನಾ, ಯಜಮಾನ್ರೇ?”

ಅವನು ತನ್ನ ಉಗುರಿನಂಚಿನ ಒಣಗಿದ ಬಣ್ಣವನ್ನು ಕೆರೆದ. “ಬೋರ್ಡ್ ಬರೆಯೋನು ಅಕ್ಷರ ಕಾಣಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ ಮೇಡಂ? ಒಂದ್ಸಲ ನೋಡಿದ್ರೆ ಕೈಗೆ ಹತ್ತಿಬಿಡುತ್ತೆ.”

“ಮತ್ತೆ ಐದಕ್ಕೇ ಯಾಕೆ ನಿಲ್ಲಿಸಿದ್ರಿ?”

“ಪೂರ್ತಿ ಹೇಳಿದ್ರೆ ಅನುಮಾನ ಬರುತ್ತಲ್ಲ.”

“ಕಳ್ಳತನದಲ್ಲೂ ಎಷ್ಟು ಅಚ್ಚುಕಟ್ಟು ನೋಡಿ,” ಎಂದಳು ಹೆಂಡತಿ. ಡಾಕ್ಟರಮ್ಮ ನಗು ತಡೆದುಕೊಂಡರು.

“ಆವತ್ತು ನಿಜವಾಗಿ ಎಷ್ಟು ಕಂಡಿತ್ತು?”

“ಮೇಲಿನ ದೊಡ್ಡದೊಂದು. ಅದೂ ಮಸಿ ಮೆತ್ತಿದ ಹಾಗೆ.”

ನರ್ಸ್ ಅಂಕಿಗಳಿದ್ದ ಬೇರೆ ಹಾಳೆ ತೂಗುಹಾಕಿದಳು. ಬಲಗಣ್ಣನ್ನು ಈ ಸಲ ಮೊದಲೇ ಮುಚ್ಚಿದ್ದರು. ಹೆಂಡತಿ ಅವನ ಬಲಗೈಯನ್ನು ತನ್ನ ಅಂಗೈಯೊಳಗೆ ಹಿಡಿದು ಕೂತಳು. ಅವನು ಕೈಯಿಲ್ಲದವನಂತೆ ನಿಧಾನವಾಗಿ ಓದಿದ. ಮೊದಲ ಎರಡು ಸಾಲು ಸರಿ. ಮೂರನೆಯದೂ ಸರಿ. ನಾಲ್ಕನೆಯದರಲ್ಲಿ ಎಂಟನ್ನು ಮೂರೆಂದ. ಐದನೆಯದಕ್ಕೆ, “ಕಾಣಲ್ಲ,” ಎಂದ. ಹಾಳೆಯ ಮುಂದೆ ಆ ಮಾತನ್ನು ಅವನು ಹೇಳಿದ್ದು ಅದೇ ಮೊದಲು.

“ಒಂದರಿಂದ ನಾಲ್ಕಕ್ಕೆ ಬಂದಿದ್ದೀರಿ,” ಎಂದರು ಡಾಕ್ಟರಮ್ಮ. “ಔಷಧಿ ಕೆಲಸ ಮಾಡಿದೆ. ನೀವೇ ಅದರ ಬಾಯಿ ಮುಚ್ಚಿದ್ರಿ. ಇಂಜೆಕ್ಷನ್ ಬಿಡೋದು ಬೇಡ. ಸಕ್ಕರೆ ಹಿಡಿತದಲ್ಲಿ ಇಟ್ಕೊಳ್ಳಿ. ಕುಂಚಾನೂ ಹಿಡ್ಕೊಳ್ಳಿ.”

ಹೊರಗೆ ಬೀದಿಯಲ್ಲಿ ಅವನು ಅಂಗೈಯಿಂದ ಬಲಗಣ್ಣು ಮುಚ್ಚಿ ಎದುರಿನ ಅಂಗಡಿಯತ್ತ ನೋಡುತ್ತ ನಿಂತ. ದಾರಿಹೋಕರು ಅವನನ್ನು ಬಳಸಿಕೊಂಡು ಹೋದರು.

“ಏನ್ರೀ?”

“ಆ ಬೋರ್ಡು. ಎರಡು ಪದದ ಮಧ್ಯೆ ಜಾಗಾನೇ ಬಿಟ್ಟಿಲ್ಲ. ಯಾವನೋ ಕೆಲಸಗೇಡಿ.”

“ನೀವೇ ಬರೆದಿದ್ದೇನೋ.”

“ಥೂ,” ಎಂದ ಅವನು. ಅವಳು ನಕ್ಕಳು. ಅವನು ಕೈ ತೆಗೆಯದೆ ಮುಂದಿನ ಅಂಗಡಿಯತ್ತ ತಿರುಗಿದ. ಅವಳೂ ಅವಸರಪಡಿಸಲಿಲ್ಲ.