ಗುರುವಾರದ ಒಂಬತ್ತು ಪ್ರಶ್ನೆ

ಹೊನ್ನವಳ್ಳಿಯ ಗಂಗಲಕ್ಷ್ಮಿಯನ್ನು ತಿಪಟೂರಿನ ಆ ಕೋಣೆಗೆ ಮೊದಲು ಎಳೆದುಕೊಂಡು ಹೋದವಳು ಪಕ್ಕದ ಮನೆಯ ಓಬಮ್ಮ. ದಪ್ಪಗಿರುವವರಿಗೆ ಯಾವುದೋ ಮೆಡಿಕಲ್ ಕಾಲೇಜಿನವರು ಹೊಟ್ಟೆಯ ಪುಡಿ ಕೊಡುತ್ತಾರಂತೆ, ಹನ್ನೆರಡು ವಾರ, ಪುಕ್ಕಟೆ, ಬಸ್‌ಚಾರ್ಜೂ ಅವರದೇ ಅಂತೆ ಎಂದು ಅವಳಿಗೆ ಯಾರೋ ಹೇಳಿದ್ದರು. ಎರಡು ಸಾವಿರದ ಏಳನೇ ಇಸವಿಯ ಮಾತು.

"ನೀನು ಎಂಬತ್ನಾಕು ಕೆಜಿ, ನಾನು ತೊಂಬತ್ತು. ನಮ್ಮನ್ನ ಬುಟ್ಟು ಇನ್ಯಾರಿಗೆ ಕೊಡ್ತಾರೆ? ನಡಿಯೇ" ಎಂದಳು ಓಬಮ್ಮ.

ಗಂಗಲಕ್ಷ್ಮಿ ಸೀರೆ ಬದಲಿಸಿ ಹೊರಟಳು. ಹೋಗಬೇಕು ಅಂತಲೂ ಅನಿಸಿರಲಿಲ್ಲ, ಬೇಡ ಅಂತಲೂ ಅನಿಸಿರಲಿಲ್ಲ. ಈಚೀಚೆಗೆ ಅವಳು ಎಲ್ಲದಕ್ಕೂ ಹೀಗೆಯೇ ಹೊರಡುತ್ತಿದ್ದಳು.

ಕೋಣೆಯಲ್ಲಿ ತೂಕದ ಯಂತ್ರ, ಒಂದು ಮೇಜು, ಎರಡು ಕುರ್ಚಿ. ತುರುವೇಕೆರೆ ಕಡೆಯ ಜ್ಯೋತಿಲಕ್ಷ್ಮಿ ಎಂಬ ಹುಡುಗಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಅರ್ಧ ಜನಕ್ಕೆ ಸಿಗುವುದು ಹೊಟ್ಟೆಗೆ ಒಳ್ಳೆಯದು ಮಾಡುವ, ಮೊಸರಿನಲ್ಲಿ ಇರುವಂಥ ಜೀವಾಣುಗಳ ಪುಡಿ. ಇನ್ನರ್ಧ ಜನಕ್ಕೆ ನೋಡಲು ಹಾಗೆಯೇ ಇರುವ ಬರೀ ಹಿಟ್ಟು. ಯಾರಿಗೆ ಯಾವುದು ಎಂದು ಕೊಡುವ ತನಗೂ ತಿಳಿಯದು, ತಿನ್ನುವವರಿಗೂ ತಿಳಿಯಬಾರದು. ಹೇಗಾದರೂ ತಿಳಿದುಹೋದರೆ ಅವರನ್ನು ಕೈಬಿಡಬೇಕಾಗುತ್ತದೆ.

"ಹಂಗಾರೆ ಲಾಟ್ರಿ ಅನ್ರೀ" ಎಂದು ಓಬಮ್ಮ ನಕ್ಕಳು.

ವಾರಕ್ಕೆ ಏಳು ಪೊಟ್ಟಣ ಕೊಟ್ಟು, ಪ್ರತಿ ಗುರುವಾರ ಬರಹೇಳಿದರು. ಬಂದಾಗ ತೂಕ ನೋಡಿ, ಸೊಂಟಕ್ಕೆ ಟೇಪು ಸುತ್ತಿ ಅಳೆದ ಮೇಲೆ ಜ್ಯೋತಿಲಕ್ಷ್ಮಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಬಾಗಿಲು ಮುಂದೆ ಮಾಡಿ, ಒಂಬತ್ತು ಪ್ರಶ್ನೆ ಕೇಳುತ್ತಿದ್ದಳು. ಮೊದಲೆರಡು ಪುಡಿಯದು, ಹೊಟ್ಟೆಯದು. ಮೂರನೆಯದು ಹೀಗಿತ್ತು: ಕಳೆದ ಏಳು ದಿನದಲ್ಲಿ ಎಷ್ಟು ದಿನ ನಿಮಗೆ ಸಂತೋಷ ಅನ್ನಿಸಿತು?

"ಚೆನ್ನಾಗಿವ್ನಿ ಕಣವ್ವ" ಎಂದಳು ಗಂಗಲಕ್ಷ್ಮಿ.

"ಅದಲ್ಲ ಅಕ್ಕ. ಎಷ್ಟು ದಿನ? ನಂಬರ್ ಹೇಳಿ. ಇದ್ರಲ್ಲಿ ತಪ್ಪು ಉತ್ತರ ಅಂತ ಯಾವ್ದೂ ಇಲ್ಲ."

ಗಂಗಲಕ್ಷ್ಮಿ ಮೇಜಿನ ಅಂಚಿನ ಮೇಲೆ ಬೆರಳಿಟ್ಟು ಒಂದೊಂದೇ ದಿನ ಎಣಿಸಿದಳು. ಆಮೇಲೆ "ಸೊನ್ನೆ" ಎಂದಳು.

ಹುಡುಗಿ ಹುಬ್ಬೇರಿಸಲಿಲ್ಲ. ಯಾಕೆ ಎನ್ನಲಿಲ್ಲ. ನಿಮಗೇನಕ್ಕ ಕಡಿಮೆ ಎನ್ನಲಿಲ್ಲ. ಸೊನ್ನೆ ಬರೆದುಕೊಂಡು ನಾಲ್ಕನೆಯದಕ್ಕೆ ಹೋದಳು.

ನಿಮಗೇನು ಕಡಿಮೆ ಎಂದು ಕೇಳಿದ್ದರೆ ಗಂಗಲಕ್ಷ್ಮಿಯ ಹತ್ತಿರ ತೋರಿಸಲು ಏನೂ ಇರಲಿಲ್ಲ. ತೋಟವಿತ್ತು, ಬೋರಿನಲ್ಲಿ ನೀರಿತ್ತು. ಗಂಡ ಭೀಮರಾಜು ಒರಟು ಮಾತಾಡಿದವನಲ್ಲ. ಅತ್ತೆ ಕೆಂಪಕ್ಕ ಗೊಣಗುವುದೇನಿದ್ದರೂ ದನಗಳ ಮೇಲೆ. ಆದರೂ ಯಾವಾಗಲೋ ನಾಲಿಗೆಯ ರುಚಿ ಹೋಗಿತ್ತು, ಆಮೇಲೆ ಉಳಿದವೆಲ್ಲ ಅದರ ಹಿಂದೆಯೇ ಹೋಗಿದ್ದವು. ಇನ್ನೊಂದು ತುತ್ತಿಗಾದರೂ ರುಚಿ ಬಂದೀತೆಂದು ಇನ್ನೊಂದು ಮುದ್ದೆ ಮುರಿಯುತ್ತಿದ್ದಳು. ಮೈ ಮಾತ್ರ ಬೆಳೆಯಿತು. ಮದುವೆ ಮನೆಗಳಲ್ಲಿ ನಾಲ್ಕು ಜನ ನಕ್ಕಾಗ ತಾನೂ ನಗುತ್ತಿದ್ದಳು, ಅವರು ನಿಲ್ಲಿಸಿದಾಗ ನಿಲ್ಲಿಸುತ್ತಿದ್ದಳು. ಯಾರಿಗೂ ಗೊತ್ತಾಗಿರಲಿಲ್ಲ.

ಪುಡಿಯಿಂದ ಏನಾಯಿತೋ ಬಿಟ್ಟಿತೋ, ಗುರುವಾರಗಳು ಮಾತ್ರ ಬೇರೆಯಾದವು. ಅಂಗಳದಲ್ಲಿ ಕೂತು ಕೊಬ್ಬರಿಯ ಚಿಪ್ಪು ಬಿಡಿಸುವಾಗ ಅವಳು ಆಯಾ ದಿನವನ್ನು ಕೈಗೆತ್ತಿಕೊಂಡು ನೋಡುತ್ತಿದ್ದಳು. ಇವತ್ತು? ಇಲ್ಲ. ಇವತ್ತು? ಇಲ್ಲ. ಇಲ್ಲ ಎಂಬುದನ್ನು ಒಯ್ದು ಒಬ್ಬರ ಮುಂದೆ ಇಡಬಹುದಾಗಿತ್ತು, ಅಷ್ಟೇ. ನಾಲ್ಕನೇ ವಾರ "ಅರ್ಧ ದಿನ" ಎಂದಳು.

"ಅರ್ಧ ಬರೆಯಕ್ಕೆ ಜಾಗ ಇಲ್ಲ ಅಕ್ಕ."

"ಹಂಗಾರೆ ಸೊನ್ನೇನೇ ಬರ್ಕೊ."

ಐದನೇ ವಾರ ಮನೆಗೆ ನೆಂಟರು ಬಂದು ಮೊಸರೆಲ್ಲ ಮುಗಿದು, ಪಾತ್ರೆಯನ್ನು ಕೆಂಪಕ್ಕ ತೊಳೆದೇ ಬಿಟ್ಟಿದ್ದಳು. ಸಂಜೆ ಹಾಲು ಕಾಸಿ ಆರಿಸಿಟ್ಟ ಮೇಲೆ ನೋಡಿದರೆ ಹೆಪ್ಪಿಗೆ ಒಂದು ಚಮಚವೂ ಇಲ್ಲ. ಗಂಗಲಕ್ಷ್ಮಿ ಓಬಮ್ಮನ ಮನೆಗೆ ಹೋದಳು. ಅಲ್ಲೂ ಮುಗಿದಿತ್ತು.

"ಅಯ್ಯೋ, ಮನೇಲೇ ಮಡಗ್ಕಂಡು ಊರೆಲ್ಲ ಕೇಳ್ತೀಯಲ್ಲೇ! ಆ ಪುಡೀಲಿ ಮೊಸರಿನ ಜೀವ ಐತೆ ಅಂದಿಲ್ವಾ ಆ ಹುಡ್ಗಿ? ಒಂದು ಪೊಟ್ಣ ಸುರಿ. ತಡಿ, ನಾನೂ ಸುರೀತೀನಿ, ಯಾರ್ದು ಗಟ್ಟಿಯಾಯ್ತದೋ ನೋಡೇ ಬುಡಾನ."

ಬೆಳಿಗ್ಗೆ ಓಬಮ್ಮನ ಪಾತ್ರೆಯಲ್ಲಿ ಮೊಸರು ಗಟ್ಟಿಯಾಗಿ ಕೂತಿತ್ತು. ಗಂಗಲಕ್ಷ್ಮಿಯದು ಹಾಲು ಹಾಲಾಗಿಯೇ ಇತ್ತು.

"ಇದೇನಮ್ಮ, ನೆನ್ನೆ ಹೆಂಗಿತ್ತೋ ಹಂಗೇ ಐತೆ" ಎಂದಳು ಕೆಂಪಕ್ಕ.

ಓಬಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿಂಗೆ ಬರೀ ಹಿಟ್ಟು ಕಣೇ! ಐದು ವಾರದಿಂದ ಹಿಟ್ಟು ಕದಡ್ಕಂಡು ಕುಡೀತಿದ್ದೀಯ!" ಆಮೇಲೆ ಪಾಪ ಅನಿಸಿರಬೇಕು, ದನಿ ತಗ್ಗಿಸಿದಳು. "ನನ್ನದ್ರಲ್ಲೇ ದಿನಾ ಅರ್ಧ ಕೊಡ್ತೀನಿ ಬುಡು. ಬಾಯಿ ಮಾತ್ರ ಬಿಡಬ್ಯಾಡ. ಗೊತ್ತಾದ್ರೆ ಕಿತ್ತಾಕ್ತಾರೆ."

ಹಿಟ್ಟು ಎಂಬುದಕ್ಕೆ ಗಂಗಲಕ್ಷ್ಮಿಗೆ ಬೇಸರವೇನೂ ಆಗಲಿಲ್ಲ. ಕಿತ್ತುಹಾಕುತ್ತಾರೆ ಎಂಬ ಮಾತು ಮಾತ್ರ ಎದೆಯೊಳಗೆ ಇಳಿದು ಅಲ್ಲೇ ನಿಂತಿತು. ಈ ವಾರದ್ದನ್ನು ಬಿಟ್ಟು ಇನ್ನೂ ಏಳು ಗುರುವಾರ ಉಳಿದಿದ್ದವು.

ಆ ಗುರುವಾರ ಜ್ಯೋತಿಲಕ್ಷ್ಮಿ ಬಾಗಿಲು ಮುಂದೆ ಮಾಡಿ ಮೊದಲ ಪ್ರಶ್ನೆ ಕೇಳಿದಳು.

"ಏಳೂ ಪೊಟ್ಟಣ ತಗೊಂಡ್ರಾ ಅಕ್ಕ?"

ಹೂಂ ಎಂಬುದು ಬಾಯಲ್ಲಿ ಸಿದ್ಧವಿತ್ತು. ಬಸ್ಸಿನುದ್ದಕ್ಕೂ ಓಬಮ್ಮ ಅದನ್ನೇ ಹೇಳಿಕೊಟ್ಟಿದ್ದಳು. ಹೇಳಿದರೆ ಮುಗಿಯಿತು, ಮಾತು ಸರಾಗವಾಗಿ ಮೂರನೇ ಪ್ರಶ್ನೆಗೆ ಹೋಗುತ್ತದೆ. ಆದರೆ ಮನೆಯಲ್ಲಿ, ಬೀದಿಯಲ್ಲಿ, ನೆಂಟರಲ್ಲಿ ಹೂಂ ಅಂದು ಅಂದು ಅವಳಿಗೆ ಸಾಕಾಗಿತ್ತು. ಇರುವುದನ್ನು ಇದ್ದಂತೆ ಹೇಳಿದ್ದು ಈ ಕುರ್ಚಿಯ ಮೇಲೆ ಮಾತ್ರ. ಇಲ್ಲೂ ಒಂದು ಸುಳ್ಳು ಹೇಳಿ ಕೂತರೆ ಆಮೇಲೆ ಸೊನ್ನೆ ಎಂದದ್ದಕ್ಕೆ ಏನು ಬೆಲೆ?

"ಒಂದ್ನ ಹಾಲಿಗೆ ಹಾಕ್ದೆ" ಎಂದಳು. "ಹೆಪ್ಪಾಗ್ಲಿಲ್ಲ. ನನ್ನದು ಹಿಟ್ಟು."

ಓಬಮ್ಮನ ಹೆಸರು ಎತ್ತಲಿಲ್ಲ. ಜ್ಯೋತಿಲಕ್ಷ್ಮಿಯ ಪೆನ್ನು ನಿಂತಿತು. ಅವಳು ಎದ್ದು ಪಕ್ಕದ ಕೋಣೆಯಲ್ಲಿದ್ದ ಡಾಕ್ಟರ ಹತ್ತಿರ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಬಂದಳು.

"ಇಲ್ಲಿಗೆ ನಿಲ್ಲಿಸ್ಬೇಕಂತೆ ಅಕ್ಕ. ನೀವು ಬೇಕು ಅಂತ ಮಾಡಿದ್ದಲ್ಲ ಅಂತ ಹೇಳ್ದೆ. ಆದ್ರೂ..."

"ಇವತ್ತಿನ ಪ್ರಶ್ನೆ?"

"ಇನ್ನು ಬೇಕಾಗಲ್ಲ" ಎಂದು ಹುಡುಗಿ ಹಾಳೆಯ ಮೇಲೆ ಅಡ್ಡಗೆರೆ ಎಳೆದಳು. ಹೊರಗೆ ಬೆಂಚಿನ ಮೇಲೆ ಆರೇಳು ಜನ ಕಾಯುತ್ತಿದ್ದರು.

ವಾಪಸು ಬಸ್ಸಿನಲ್ಲಿ ಓಬಮ್ಮ ಬೈದಳು. "ಬಾಯಿ ಮುಚ್ಕಂಡಿರು ಅಂದ್ರೆ ನಿಂಗೇನೇ ಬಂದಿತ್ತು ದೊಡ್ಡ ರೋಗ? ನನ್ನ ನೋಡು. ಏಳಕ್ಕೆ ಏಳು ದಿನಾನೂ ಸಂತೋಷ ಅಂತ ಬರೆಸಿ ಬಂದೆ. ಆ ಮಗೂಗೂ ಖುಷಿ, ನಂಗೂ ಖುಷಿ."

"ನಂದು ಸೊನ್ನೆ ಕಣೇ" ಎಂದಳು ಗಂಗಲಕ್ಷ್ಮಿ.

"ಏನು ಸೊನ್ನೆ?"

"ಈ ವಾರಾನೂ ಸೊನ್ನೆ. ಹೋದ ವಾರಾನೂ. ಎಲ್ಲಾ ವಾರಾನೂ."

ಓಬಮ್ಮ ನಗಲು ಬಾಯಿ ತೆರೆದವಳು ಅವಳ ಮುಖ ನೋಡಿ ಮುಚ್ಚಿದಳು. ಬಸ್ಸು ಒಂದು ಸ್ಟಾಪಿನಲ್ಲಿ ನಿಂತು, ಎಳನೀರಿನ ಗೊನೆ ಹಿಡಿದ ಒಬ್ಬನನ್ನು ಇಳಿಸಿ ಮತ್ತೆ ಹೊರಟಿತು. ಓಬಮ್ಮ ಸೆರಗು ಸರಿಮಾಡಿಕೊಂಡಳು. ಕೊನೆಗೆ ಕೇಳಿದಳು.

"ಯಾವಾಗಿಂದ?"

ಆ ಹಾಳೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಗಂಗಲಕ್ಷ್ಮಿ ಕಿಟಕಿಯ ಸರಳು ಹಿಡಿದುಕೊಂಡು ಹಿಂದಕ್ಕೆ ಎಣಿಸತೊಡಗಿದಳು. ಕಿರಿಮಗಳ ಬಾಣಂತನ, ಅದರ ಹಿಂದಿನ ವರ್ಷ, ಅದಕ್ಕೂ ಹಿಂದೆ.

"ತಡಿ, ಹೇಳ್ತೀನಿ" ಎಂದಳು.

ಓಬಮ್ಮ ಕಾದಳು.