ಒಂದೇ ಡಬ್ಬಿಯ ಬಣ್ಣ

ಮೈಬಣ್ಣದ ಜಗಳಕ್ಕೆ ಬೇಸತ್ತ ಒಂದು ಊರಿನವರು ಕಣ್ಣಿಗೆ ಹನಿ ಬಿಟ್ಟುಕೊಂಡರಂತೆ. ಆಮೇಲೆ ಹೂವು ಕೆಂಪಾಗಿಯೇ, ಬಟ್ಟೆ ನೀಲಿಯಾಗಿಯೇ ಕಾಣುತ್ತಿದ್ದವು. ಮನುಷ್ಯರ ಮೈ ಮಾತ್ರ ಬೂದಿಬಣ್ಣ. ಒಮ್ಮೆ ಬಿಟ್ಟ ಹನಿಗೆ ಮದ್ದಿರಲಿಲ್ಲ. ಬಿಳಿಯರ ಮೇಲಿನ ಬೀದಿಯ ಮನೆಗಳು ಅವರ ಮಕ್ಕಳಿಗೇ ಹೋದವು, ಕಪ್ಪು ಜನರ ಕೆಳಬೀದಿಯ ಕೊಳಾಯಿ ಸೋರುತ್ತಲೇ ಇತ್ತು. ಏಕೆಂದು ಕೇಳುವುದು ಅಸಭ್ಯವೆನಿಸಿತು.

ಕೆಳಬೀದಿಯ ಹೊಲಿಗೆಯವಳು ಕೆಲಸಕ್ಕೆ ಸೇರುವಾಗ ಹನಿ ಹಾಕಿಸಿಕೊಂಡಿದ್ದಳು. ಅವಳ ತಾಯಿ ತೀರಿಕೊಂಡಳು. ಕೊನೆಯದಾಗಿ ಮುಖ ನೋಡಲು ಶವಾಲಂಕಾರದ ಕೋಣೆಗೆ ಹೋದವಳು ಬಾಗಿಲಲ್ಲೇ ನಿಂತಳು. ತಾಯಿಯ ಹಣೆ, ಕೆನ್ನೆ, ಕತ್ತು, ಎಲ್ಲಕ್ಕೂ ಗುಲಾಬಿ ಬೆರೆತ ಕೆನೆಬಣ್ಣ ಮೆತ್ತಿತ್ತು.

"ಅತ್ತೆ ಎಷ್ಟು ಲಕ್ಷಣವಾಗಿದ್ದಾರೆ!" ಎಂದಳು ಅತ್ತಿಗೆ. ಅವಳ ತವರು ಮೇಲಿನ ಬೀದಿ.

"ಇವಳು ನಮ್ಮಮ್ಮ ಅಲ್ಲ."

"ಇದು ಮನುಷ್ಯರ ಬಣ್ಣ ಕಣಮ್ಮಾ," ಎಂದ ಅಲಂಕಾರದವ. "ಒಂದೇ ಡಬ್ಬಿ, ಎಲ್ಲರಿಗೂ. ಭೇದವೇ ಇಲ್ಲ."

"ಯಾರ ಮುಖ ನೋಡಿ ಕಲಸಿದ್ದು?"

"ನಮ್ಮಜ್ಜನ ಮುಖ. ಅವನೇ ಕಲಸಿದ್ದು. ಹನಿ ಬರೋಕೆ ಮುಂಚೆ," ಎಂದು ಅವನು ಹೆಮ್ಮೆಪಟ್ಟ. "ಸತ್ತವರಿಗಾದರೂ ಸ್ವಲ್ಪ ಕಳೆ ಬೇಡ್ವಾ?"

ಅತ್ತಿಗೆ ಮುಖ ಸಿಂಡರಿಸಿದಳು. "ನಾನು ಅತ್ತೇಲಿ ಯಾವತ್ತೂ ಬಣ್ಣ ನೋಡಿದವಳಲ್ಲ. ಹೆಣದ ಮುಂದೆ ನಿಂತು ನೀನೇ ಬಣ್ಣದ ಮಾತು ಎತ್ತುತ್ತೀಯಲ್ಲ, ನಾಚಿಕೆ ಆಗಲ್ವಾ?"

ಹೊಲಿಗೆಯವಳು ಕರವಸ್ತ್ರವನ್ನು ನೀರಿನಲ್ಲಿ ಅದ್ದಿ, ಮಗುವಿನ ಬಾಯಿ ಒರೆಸುವಷ್ಟು ಹಗುರವಾಗಿ ತಾಯಿಯ ಮುಖ ಒರೆಸತೊಡಗಿದಳು. ಅವಳಿಗೆ ಬೇಕಿದ್ದುದು ಇಷ್ಟೇ: ತನ್ನನ್ನು ಎತ್ತಿ ಆಡಿಸಿದ ಆ ಮುಖವನ್ನು ಇದ್ದ ಹಾಗೆ ಇನ್ನೊಮ್ಮೆ ಕಾಣುವುದು. ಕೆನೆಬಣ್ಣ ಹೋಯಿತು. ಅಡಿಯಲ್ಲಿ ಬೂದಿ. ಇನ್ನಷ್ಟು ಒರೆಸಿದಳು. ಬೂದಿಯೇ. ತಾಯಿಯ ನಿಜವಾದ ಬಣ್ಣವನ್ನು ನೆನಪಿಗೆ ತಂದುಕೊಳ್ಳಲು ಕಣ್ಣು ಮುಚ್ಚಿದರೆ ಅಲ್ಲಿಯೂ ಅದೇ.

ಜೊತೆಗೆ ಬಂದಿದ್ದ ಅವಳ ಮಗಳು ಇನ್ನೂ ಶಾಲೆಗೆ ಸೇರಿರಲಿಲ್ಲ; ಈಗ ಮಕ್ಕಳಿಗೆ ಶಾಲೆಗೆ ಸೇರುವಾಗಲೇ ಹನಿ ಬಿಡುತ್ತಿದ್ದುದರಿಂದ ಅವಳ ಕಣ್ಣಿಗೆ ಇನ್ನೂ ಬಿಟ್ಟಿರಲಿಲ್ಲ. ಮಗುವಿಗೆ ಐದು ವರ್ಷವೆಂದು ಈ ಕತೆ ಹೇಳಿದವರಲ್ಲಿ ಒಬ್ಬರು ನನಗೆ ಹೇಳಿದರು. ಅವಳು ಮರುದಿನವೇ ಶಾಲೆಗೆ ಸೇರುವುದಿತ್ತೆಂದು ಇನ್ನೊಬ್ಬರು. ಉಳಿದ ಮಾತುಗಳಲ್ಲಿ ಇಬ್ಬರದೂ ಒಂದೇ ಪಾಠ.

ಹೊಲಿಗೆಯವಳು ಮಗಳನ್ನು ಎತ್ತಿ ಹಿಡಿದಳು. "ಪುಟ್ಟೀ, ಅಜ್ಜಿ ಯಾವ ಬಣ್ಣ ಇದಾಳೆ ಹೇಳು."

"ನಿನ್ನ ಬಣ್ಣಾನೇ ಅಮ್ಮ. ಯಾಕೆ, ನಿಂಗೆ ಕಾಣಲ್ವಾ?"

ಹೊಲಿಗೆಯವಳು ತಾಯಿಯ ಕೆನ್ನೆಯ ಮೇಲೆ ತನ್ನ ಕೈಯಿಟ್ಟು, ಎರಡೂ ಬೂದಿಯಾಗಿಯೇ ಕಂಡರೂ, ಬಹಳ ಹೊತ್ತು ನೋಡಿದಳಂತೆ.